ಅರ್ಜಿಗೆ ಮುನ್ನ ಒಂದು ಪ್ರಶ್ನೆ

ಆಂಗ್ಲ ಸಾಹಿತ್ಯದಲ್ಲಿ ಎಂ.ಎ. ಮುಗಿಸಿದ ಮಗಳು ಪಿಎಚ್.ಡಿ.ಗೆ ಅರ್ಜಿ ಹಾಕುವೆನೆಂದಾಗ, ‘ಫಾದರ್, ಇನ್ನೆಷ್ಟು ವರ್ಷ ಓದು? ನೌಕರಿ ಯಾವಾಗ, ಮದುವೆ ಯಾವಾಗ?’ ಎಂದು ಹೆತ್ತವರು ನಮ್ಮನ್ನು ಕೇಳುವುದುಂಟು. ಆ ಆತಂಕ ನಿರಾಧಾರವಲ್ಲ. ಯುಜಿಸಿಯ 2022ರ ನಿಯಮದಂತೆ ಈ ವ್ಯಾಸಂಗಕ್ಕೆ ಕನಿಷ್ಠ 3 ವರ್ಷ ಬೇಕು. 6 ವರ್ಷಗಳವರೆಗೂ ಸಾಗಬಹುದು. ಜೆ.ಆರ್.ಎಫ್. ದೊರೆತವರಿಗೆ ಮಾಸಿಕ ಶಿಷ್ಯವೇತನದ ಆಸರೆಯುಂಟು. ಅದಿಲ್ಲದೆ ನೆಟ್ ಅಂಕಗಳ ಮೂಲಕ ಪ್ರವೇಶ ಬಯಸುವವರಿಗೆ, 2024ರ ಕ್ರಮದಂತೆ, ನೆಟ್‌ಗೆ ಶೇ. 70, ಸಂದರ್ಶನಕ್ಕೆ ಶೇ. 30 ಪ್ರಾಶಸ್ತ್ಯ.

ಆದರೆ ಸಂದರ್ಶನದಲ್ಲಿ ‘ಸಾಹಿತ್ಯ ನನಗಿಷ್ಟ’ ಎಂದರೆ ಸಾಲದು. ಯಾವ ಕೃತಿಗಳಲ್ಲಿ ಏನನ್ನು, ಏತಕ್ಕಾಗಿ ಅರಸುತ್ತೇನೆಂದು ಹೇಳಬೇಕು. ಆ ವಿಷಯ ಬಲ್ಲ ಮಾರ್ಗದರ್ಶಕರು ಅಲ್ಲಿರುವರೇ ಎಂದು ಮುಂಚಿತವಾಗಿ ವಿಚಾರಿಸಿರಬೇಕು.

ಪ್ರಶ್ನೆಯೊಂದು ಮನುಷ್ಯನನ್ನು ಎಷ್ಟು ದೂರ ಕರೆದೊಯ್ಯಬಲ್ಲದೆಂಬುದಕ್ಕೆ ಅಮೆರಿಕದ ಯೇಸುಸಭೆಯ ಗುರು ವಾಲ್ಟರ್ ಆಂಗ್ ಸಾಕ್ಷಿ. ಗುರುದೀಕ್ಷೆಗೂ ಮೊದಲು, 1941ರಲ್ಲಿ, ಅವರು ಕವಿ ಹಾಪ್ಕಿನ್ಸರ ಛಂದಸ್ಸನ್ನು ಕುರಿತು ಎಂ.ಎ. ಪ್ರಬಂಧ ಬರೆದರು. 1955ರಲ್ಲಿ ಹಾರ್ವರ್ಡ್‌ನಿಂದ ಡಾಕ್ಟರೇಟ್ ಪಡೆದಾಗ ಅವರ ವಯಸ್ಸು 42. ಆಡುಮಾತು ಬರಹವಾದಾಗ ಮಾನವನ ಚಿಂತನೆ ಹೇಗೆ ಮಾರ್ಪಡುತ್ತದೆಂಬ ಪ್ರಶ್ನೆಯ ಫಲ, 1982ರ ‘ಒರಾಲಿಟಿ ಅಂಡ್ ಲಿಟರಸಿ’ ಗ್ರಂಥ.

ಹೆತ್ತವರೇ, ‘ಯಾವಾಗ ಮುಗಿಯುವುದು?’ ಎನ್ನುವ ಮುನ್ನ ‘ನಿನ್ನ ಪ್ರಶ್ನೆ ಯಾವುದು?’ ಎಂದು ಮಕ್ಕಳನ್ನು ಕೇಳೋಣ. ಉತ್ತರವಿಲ್ಲದಿದ್ದರೆ ಅರ್ಜಿ ಒಂದು ವರ್ಷ ಕಾಯಲಿ. ಉತ್ತರ ಸ್ಪಷ್ಟವಿದ್ದರೆ, ಅದನ್ನೂ ಒಂದು ದೇವಕರೆಯೆಂದು ಗೌರವಿಸಿ ಹರಸೋಣ.