ಪಿಕಪ್ ಗಾಡಿಯ ಎಂಜಿನು ಮತ್ತು ಎಣ್ಣೆಯ ಲೆಕ್ಕ
ಸರಸಂಬಾದ ತೊಗರಿಯನ್ನು ಆಳಂದದ ಮಾರುಕಟ್ಟೆಗೆ ಸಾಗಿಸುವ ಪಿಕಪ್ ಗಾಡಿಗೆ ಡೀಸೆಲ್ ಎಂಜಿನೇ ಮೇಲೆಂಬುದು ರೂಢಿಯ ಮಾತು. ಇದಕ್ಕೆ ಕಾರಣವುಂಟು: ಬಲವಾಗಿ ಒತ್ತಿದ ಗಾಳಿಯ ಕಾವಿನಿಂದಲೇ ಡೀಸೆಲ್ ಹೊತ್ತಿಕೊಳ್ಳುವ ಈ ಯಂತ್ರದಲ್ಲಿ ಶಾಖದ ಹೆಚ್ಚಿನ ಪಾಲು ಕೆಲಸಕ್ಕೆ ಒದಗುವುದು. ಬೆಲೆಯೂ ನೆರವಾಗಿತ್ತು, 2010ರ ಜೂನಿನಲ್ಲಿ ಪೆಟ್ರೋಲಿನ ಬೆಲೆ ಸರಕಾರದ ನಿಯಂತ್ರಣದಿಂದ ಬಿಡುಗಡೆ ಹೊಂದಿದರೂ ಡೀಸೆಲಿಗೆ 2014ರ ಅಕ್ಟೋಬರಿನವರೆಗೆ ಆ ಆಸರೆಯಿತ್ತು.

ಗಾತ್ರದ ವಿಚಾರ ಬೇರೆ. 2005ರಲ್ಲಿ ಹೊರಬಂದ ಟಾಟಾ ಏಸ್ 702 ಘನ ಸೆಂಟಿಮೀಟರಿನ, ಎರಡು ಸಿಲಿಂಡರಿನ ಡೀಸೆಲ್ ಎಂಜಿನಿನಿಂದ ಸುಮಾರು ಏಳೂವರೆ ಕ್ವಿಂಟಲು ಹೊರುವಂಥದು. ಲೀಟರಿಗೆ ಎಷ್ಟು ಕಿಲೋಮೀಟರೆಂದು ಕೇಳಿದರೆ ಅದೇ ಮುಂದು. ಆದರೆ ಹದಿನೈದು ಕ್ವಿಂಟಲಿಗೆ ಅದು ಎರಡು ಸಲ ಹೋಗಿ ಎರಡು ಸಲ ಬರಿದಾಗಿ ಮರಳಬೇಕು; ನಾಲ್ಕು ಸಿಲಿಂಡರಿನ ದೊಡ್ಡ ಪಿಕಪ್ ಒಂದೇ ಸಲಕ್ಕೆ ಮುಗಿಸುವುದು. ಕ್ವಿಂಟಲಿಗೆ ತಗಲುವ ಎಣ್ಣೆಯನ್ನೇ ಎಣಿಸತಕ್ಕದ್ದೆಂದು ನನ್ನ ಅಭಿಪ್ರಾಯ. ಐದೇ ಕ್ವಿಂಟಲಿಗೆ ದೊಡ್ಡ ಗಾಡಿ ತರಿಸಿದರೆ ಲೆಕ್ಕ ತಿರುಗುಮುರುಗಾಗುವುದು.