ದೋಹಾದ ಬಿಸಿಲು ಮತ್ತು ನಮ್ಮ ಮನೆಯ ಫೋನು

2021ರ ಜೂನ್ ಮೊದಲ ವಾರ. ಲಾಕ್‌ಡೌನ್ ಇದ್ದುದರಿಂದ ನಾವೆಲ್ಲ ಮನೆಯಲ್ಲೇ ಇದ್ದೆವು. ಮಧ್ಯಾಹ್ನ ಒಂದು ಗಂಟೆಗೆ ಅಬ್ಬಾ ಅವರ ಫೋನಿಗೆ ದೋಹಾದಿಂದ ಚಾಚಾ ಅವರ ಇಮೋ ಕರೆ ಬಂತು. ಅಲ್ಲಿ ಆಗ ಬೆಳಿಗ್ಗೆ ಹತ್ತೂವರೆ. ಕೆಲಸದ ದಿನಗಳಲ್ಲಿ ಚಾಚಾ ರಾತ್ರಿ ಬಿಟ್ಟು ಬೇರೆ ಹೊತ್ತಿನಲ್ಲಿ ಕರೆ ಮಾಡಿದ್ದೇ ಇಲ್ಲ. ದಾದಿಗೆ ಕೈಕಾಲೇ ಆಡಲಿಲ್ಲ. "ಕಾಮ್ ಗಯಾ ಕ್ಯಾ ಬೇಟಾ?" ಎಂದು ಕೇಳಿದರು. ಚಾಚಾ ನಕ್ಕರು. ಕೆಲಸ ಹೋಗಿಲ್ಲ, ಹೊಸ ಕಾನೂನು ಬಂದಿದೆ, ಹತ್ತು ಗಂಟೆಗೇ ಕೆಲಸ ನಿಲ್ಲಿಸಿ ರೂಮಿಗೆ ಕಳಿಸಿದ್ದಾರೆ ಎಂದರು.

ಆ ಕಾನೂನು ಹೇಗೆ ಬಂತು ಎಂದು ಆಗ ನಾನು ಕೇಳಲಿಲ್ಲ. ಈ ವರ್ಷ ಕೇಳಬೇಕಾಯಿತು. ಎಸ್ಸೆಸ್ಸೆಲ್ಸಿ ಪಾಸಾಗದ ನನ್ನ ಭಾಯಿಜಾನ್ ಕೂಡ ಕತಾರ್‌ಗೆ ಹೊರಡಲು ತಯಾರಾದರು. ನಮ್ಮ ಕಾಲೇಜಿನಲ್ಲಿ ಅನೇಕರ ಮನೆಯವರು ಗಲ್ಫ್‌ನಲ್ಲಿ ಇದ್ದಾರೆ. ಹಾಗಾಗಿ ನಾನು ಓದಿ ತಿಳಿದದ್ದನ್ನು, ಚಾಚಾ ಹೇಳಿದ್ದನ್ನು ಇಲ್ಲಿ ಬರೆದಿದ್ದೇನೆ.

ಬಿಸಿಲು ಎಂದರೆ ಬರೀ ಬಿಸಿ ಅಲ್ಲ

ಕತಾರ್‌ನಲ್ಲಿ 2007ರಿಂದಲೇ ಒಂದು ನಿಯಮವಿತ್ತು. ಜೂನ್ 15ರಿಂದ ಆಗಸ್ಟ್ 31ರವರೆಗೆ ಬೆಳಿಗ್ಗೆ 11.30ರಿಂದ ಮಧ್ಯಾಹ್ನ 3ರವರೆಗೆ ಬಯಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. ಆದರೂ ಜನ ಕುಸಿದು ಬೀಳುತ್ತಿದ್ದರು. ಚಾಚಾ ಕಂಬಿ ಕಟ್ಟುವ ಕೆಲಸದವರು. 2019ರ ಜುಲೈನಲ್ಲಿ ಅವರ ಪಕ್ಕದಲ್ಲಿದ್ದ ನೇಪಾಳದ ಹುಡುಗ ಬೆಳಿಗ್ಗೆ ಹನ್ನೊಂದಕ್ಕೆ ತಲೆ ಸುತ್ತಿ ಬಿದ್ದ. ನಿಯಮದ ಪ್ರಕಾರ ಅದು ಕೆಲಸದ ಹೊತ್ತೇ. ಫೋರ್‌ಮನ್ ಉಪ್ಪು-ಸಕ್ಕರೆ ನೀರು ಕುಡಿಸಿ, ಅರ್ಧ ಗಂಟೆ ನೆರಳಲ್ಲಿ ಕೂರಿಸಿ, ಮತ್ತೆ ಕೆಲಸಕ್ಕೆ ನಿಲ್ಲಿಸಿದ.

ಗಡಿಯಾರ ನೋಡಿ ಮಾಡಿದ ನಿಯಮಕ್ಕೆ ಗಾಳಿಯ ತೇವಾಂಶ ಕಾಣುವುದಿಲ್ಲ. ಕಲಬುರಗಿಯ 42 ಡಿಗ್ರಿ ಒಣ ಬಿಸಿಲಿಗಿಂತ ಮಂಗಳೂರಿನ 34 ಡಿಗ್ರಿ ಸೆಕೆಯಲ್ಲಿ ಹೆಚ್ಚು ಸುಸ್ತಾಗುವುದು ಎರಡೂ ಕಡೆ ಹೋದವರಿಗೆ ಗೊತ್ತು. ಬೆವರು ಆರಿದರೆ ಮಾತ್ರ ಮೈ ತಂಪಾಗುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಬೆವರು ಆರುವುದಿಲ್ಲ. ದೋಹಾ ಸಮುದ್ರದ ದಂಡೆಯ ಊರು, ಅಲ್ಲಿ ಬಿಸಿಲೂ ಉಂಟು, ಸೆಕೆಯೂ ಉಂಟು.

ಇದನ್ನು ಅಳೆಯಲು 'ವೆಟ್ ಬಲ್ಬ್ ಗ್ಲೋಬ್ ಟೆಂಪರೇಚರ್' ಎಂಬ ಮಾಪನ ಇದೆ. ಇದರಲ್ಲಿ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರಿಗೆ ನೂರಕ್ಕೆ 70 ಪಾಲು, ನೇರ ಬಿಸಿಲನ್ನು ಹೀರುವ ಕಪ್ಪು ಗೋಳಕ್ಕೆ 20 ಪಾಲು, ಸಾಮಾನ್ಯ ಥರ್ಮಾಮೀಟರಿಗೆ ಬರೀ 10 ಪಾಲು ತೂಕ. ಅಂದರೆ ಟಿವಿಯಲ್ಲಿ ಹೇಳುವ ಡಿಗ್ರಿ ಲೆಕ್ಕದ ಹತ್ತನೇ ಒಂದು ಭಾಗ ಮಾತ್ರ!

ಯಾರು ಯಾರು ಸೇರಿದರು?

ಪಾಲುದಾರಿಕೆ ಎಂದರೆ ಪ್ರತಿಯೊಬ್ಬರೂ ಏನಾದರೂ ತಂದು ಹಾಕಬೇಕು ಎಂದು ವಾಣಿಜ್ಯ ವಿಭಾಗದ ನಾವು ಓದುತ್ತೇವೆ. ಇಲ್ಲಿಯೂ ಹಾಗೆಯೇ ಆಯಿತು.

2022ರ ಫುಟ್ಬಾಲ್ ವಿಶ್ವಕಪ್ ಕತಾರ್‌ಗೆ ಸಿಕ್ಕ ಮೇಲೆ ವಲಸೆ ಕಾರ್ಮಿಕರ ಸ್ಥಿತಿ ಬಗ್ಗೆ ಜಗತ್ತೆಲ್ಲ ಪ್ರಶ್ನೆ ಕೇಳತೊಡಗಿತು. 2016ರಲ್ಲಿ ವಿಶ್ವಕಪ್ ಸಿದ್ಧತೆಯ ಸುಪ್ರೀಂ ಕಮಿಟಿ, ಕಟ್ಟಡ ಕಾರ್ಮಿಕ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಬಿಡಬ್ಲ್ಯೂಐ ಜೊತೆ ಒಪ್ಪಂದ ಮಾಡಿಕೊಂಡಿತು. ಎರಡೂ ಕಡೆಯವರು ಒಟ್ಟಿಗೆ ಕ್ರೀಡಾಂಗಣಗಳ ಕೆಲಸದ ಸ್ಥಳಕ್ಕೆ ಹೋಗಿ ತಪಾಸಣೆ ಮಾಡಿದರು. 2018ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ, ಅಂದರೆ ಐಎಲ್‌ಒ, ಸರ್ಕಾರದೊಂದಿಗಿನ ಒಪ್ಪಂದದ ಮೇಲೆ ದೋಹಾದಲ್ಲಿ ಕಚೇರಿ ತೆರೆಯಿತು. 2019ರ ಬೇಸಿಗೆಯಲ್ಲಿ ಗ್ರೀಸ್‌ನ ಥೆಸಲಿ ವಿಶ್ವವಿದ್ಯಾಲಯದ ಸಂಶೋಧಕರು ಬಂದು, ಬಿಸಿಲಿನಲ್ಲಿ ದುಡಿಯುವವರ ದೇಹಕ್ಕೆ ಏನಾಗುತ್ತದೆ ಎಂದು ಕೆಲಸದ ಜಾಗದಲ್ಲೇ ಅಳೆದರು.

ಸರ್ಕಾರದ ಬಳಿ ಅಧಿಕಾರ ಇತ್ತು, ವಿಶ್ವವಿದ್ಯಾಲಯದ ಬಳಿ ಅಳತೆ, ಸಂಘದವರ ಬಳಿ ಕೆಲಸ ಗೊತ್ತಿರುವ ಕಣ್ಣು. ಇವೆಲ್ಲ ಸೇರಿದ್ದರಿಂದ 2021ರ ಮೇ ತಿಂಗಳಲ್ಲಿ ಹೊಸ ನಿಯಮ ಬಂತು. ಅದರ ಮುಖ್ಯ ಅಂಶಗಳು ಇವು: ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರವರೆಗೆ ಬಯಲಿನಲ್ಲಿ ಕೆಲಸ ಇಲ್ಲ. ಮೇಲೆ ಹೇಳಿದ ಮಾಪನ 32.1 ಡಿಗ್ರಿ ದಾಟಿದರೆ ಯಾವ ಹೊತ್ತಾದರೂ ಕೆಲಸ ನಿಲ್ಲಬೇಕು. ಕಾರ್ಮಿಕರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಆಗಬೇಕು. ಅಪಾಯದ ಅಂದಾಜನ್ನು ಮಾಲೀಕರು ಕಾರ್ಮಿಕರ ಜೊತೆ ಕೂತು ಮಾಡಬೇಕು.

ಫಲ ಕಂಡಿತೇ? ಕತಾರ್ ರೆಡ್ ಕ್ರೆಸೆಂಟ್ ಕ್ಲಿನಿಕ್‌ಗಳಿಗೆ ಬಿಸಿಲಿನ ತೊಂದರೆಯಿಂದ ಬಂದವರು 2020ರ ಬೇಸಿಗೆಯಲ್ಲಿ 1,520 ಮಂದಿ. 2021ರಲ್ಲಿ 620. 2022ರಲ್ಲಿ 351.

ಎಲ್ಲಿ ಕೊರತೆ?

ಈ ಅಂಕಿ ನೋಡಿ ನನಗೆ ಸಂತೋಷವಾಯಿತು. ಚಾಚಾಗೆ ಹೇಳಿದಾಗ ಅವರು ಒಂದೇ ಮಾತು ಕೇಳಿದರು: "ಕ್ಲಿನಿಕ್‌ಗೆ ಹೋಗದವರನ್ನು ಯಾರು ಎಣಿಸಿದರು?"

ಅವರ ಮಾತಿನಲ್ಲಿ ಅರ್ಥವಿದೆ. ಐಎಲ್‌ಒ 2021ರಲ್ಲಿ ಹೊರತಂದ ವರದಿ ಪ್ರಕಾರ 2020ರಲ್ಲಿ ಕತಾರ್‌ನಲ್ಲಿ ಕೆಲಸದ ಅವಘಡಗಳಿಂದ 50 ಮಂದಿ ಸತ್ತರು, 506 ಮಂದಿಗೆ ತೀವ್ರ ಗಾಯವಾಯಿತು. ಆದರೆ ಗಟ್ಟಿಮುಟ್ಟಾದ ಯುವಕರು ಸತ್ತಾಗಲೂ 'ಸಹಜ ಸಾವು', 'ಹೃದಯ ನಿಂತಿತು' ಎಂದು ಬರೆದು ಮುಗಿಸಿದ ಪ್ರಕರಣಗಳು ಬಹಳ. ಹಾಗೆ ಬರೆದರೆ ಅದು ಬಿಸಿಲಿನ ಲೆಕ್ಕಕ್ಕೆ ಬರುವುದಿಲ್ಲ, ಮನೆಯವರಿಗೆ ಪರಿಹಾರವೂ ಕಷ್ಟ.

ಇನ್ನೊಂದು ಕೊರತೆ ದೊಡ್ಡದು. ಅಲ್ಲಿ ವಲಸೆ ಕಾರ್ಮಿಕರು ಸಂಘ ಕಟ್ಟುವಂತಿಲ್ಲ. ಕಂಪನಿಯೊಳಗೆ ಆಡಳಿತದವರು, ಕಾರ್ಮಿಕರು ಆರಿಸಿದವರು ಸಮಸಂಖ್ಯೆಯಲ್ಲಿ ಕೂರುವ ಜಂಟಿ ಸಮಿತಿಗೆ ಅವಕಾಶ ಇದೆ. ಆದರೆ ಅಲ್ಲಿ ಬಾಯಿ ಬಿಡುವುದಕ್ಕೆ ಧೈರ್ಯ ಬೇಕು. ಆ ಧೈರ್ಯವನ್ನು ತೆಗೆದುಹಾಕುವುದು ಸಾಲ. ಊರಿನಲ್ಲಿ ಒಂದೂವರೆ ಲಕ್ಷ ಸಾಲ ಮಾಡಿ ಹೋದವನು "ನನಗೆ ತಲೆ ಸುತ್ತುತ್ತಿದೆ, ಇವತ್ತು ಆಗುವುದಿಲ್ಲ" ಎನ್ನುವುದಿಲ್ಲ. ಆ ನೇಪಾಳದ ಹುಡುಗ ಕೂಡ ಬೆಳಿಗ್ಗೆಯಿಂದ ತಲೆನೋವು ಎಂದು ಚಾಚಾಗೆ ಹೇಳಿದ್ದ, ಫೋರ್‌ಮನ್‌ಗೆ ಹೇಳಿರಲಿಲ್ಲ. ಅವನ ಮೇಲೂ ಸಾಲ ಇತ್ತು.

ಹೊರಡುವ ಮೊದಲು

ಹಾಗಾದರೆ ಬಿಸಿಲಿನಿಂದ ರಕ್ಷಣೆ ದೋಹಾದಲ್ಲಿ ಅಲ್ಲ, ನಮ್ಮ ಮನೆಯಲ್ಲೇ ಶುರುವಾಗಬೇಕು ಎಂದು ನನಗೆ ಅನ್ನಿಸಿತು. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ 'ಇಸಿಆರ್' ವರ್ಗಕ್ಕೆ ಸೇರುತ್ತದೆ. ಅವರು ಕತಾರ್‌ನಂಥ ದೇಶಗಳಿಗೆ ಕೆಲಸಕ್ಕೆ ಹೋಗಲು ಸರ್ಕಾರದ ಇ-ಮೈಗ್ರೇಟ್ ಮೂಲಕ ಅನುಮತಿ ಪಡೆಯಬೇಕು. ನೋಂದಾಯಿತ ಏಜೆಂಟ್ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಸೇವಾ ಶುಲ್ಕ ಕೇಳುವಂತಿಲ್ಲ. ಪ್ರವಾಸಿ ಭಾರತೀಯ ಬಿಮಾ ಯೋಜನೆಗೆ ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ. ಅಪಘಾತದಲ್ಲಿ ಸತ್ತರೆ ಅಥವಾ ಶಾಶ್ವತ ಅಂಗವೈಕಲ್ಯವಾದರೆ 10 ಲಕ್ಷ ರೂಪಾಯಿ ವಿಮೆ.

ಭಾಯಿಜಾನ್‌ಗೆ ಏಜೆಂಟ್ ಕೇಳಿದ್ದು 1,20,000. ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಬದಲಾಯಿಸಿಕೊಡುತ್ತೇವೆ ಎಂದನಂತೆ. ನಾನು ಇ-ಮೈಗ್ರೇಟ್‌ನ ಏಜೆಂಟರ ಪಟ್ಟಿಯಲ್ಲಿ ಹುಡುಕಿದೆ, ಅವನ ಹೆಸರಿರಲಿಲ್ಲ. ಅಬ್ಬಾ ರಸೀದಿ ಕೊಡಿ ಎಂದ ಮೇಲೆ ಅವನು ಫೋನ್ ಎತ್ತುವುದನ್ನೇ ಬಿಟ್ಟ. ಅಮ್ಮಿಯ ಒಡವೆ ಅಡವಿಡುವುದು ತಪ್ಪಿತು. ಆದರೆ ಹೊರಡುವುದು ನಿಂತಿತು ಎಂದು ಭಾಯಿಜಾನ್ ಹತ್ತು ದಿನ ನನ್ನ ಜೊತೆ ಮಾತಾಡಲಿಲ್ಲ. ಈಗ ನೋಂದಾಯಿತ ಏಜೆನ್ಸಿಯೊಂದರಲ್ಲಿ ಅರ್ಜಿ ಹಾಕಿದ್ದಾರೆ, ಹತ್ತನೇ ತರಗತಿ ಪರೀಕ್ಷೆಗೂ ಕಟ್ಟಿದ್ದಾರೆ. ಯಾವುದು ಮೊದಲು ಆಗುತ್ತದೋ ನೋಡಬೇಕು.

ನಿಮ್ಮ ಮನೆಯಿಂದ ಯಾರಾದರೂ ಹೊರಟಿದ್ದರೆ, ದಯವಿಟ್ಟು ಆ ಪಟ್ಟಿ ನೋಡಿಕೊಡಿ. ಐದು ನಿಮಿಷದ ಕೆಲಸ.

ಚಾಚಾ ಈಗಲೂ ಬೇಸಿಗೆಯಲ್ಲಿ ಮಧ್ಯಾಹ್ನ ಒಂದು ಗಂಟೆಗೆ ಕರೆ ಮಾಡುತ್ತಾರೆ. ದಾದಿ ಈಗ ಹೆದರುವುದಿಲ್ಲ. ಜೂನ್ 1 ಬಂತೆಂದರೆ ಅಬ್ಬಾ ಅವರ ಫೋನ್ ಕೇಳಿ ತೆಗೆದುಕೊಂಡು, ಚಾರ್ಜ್ ಹಾಕಿ, ಪಕ್ಕದಲ್ಲೇ ಕೂರುತ್ತಾರೆ. ಒಂದೂಕಾಲಾದರೂ ಕರೆ ಬರದಿದ್ದರೆ ಮಾತ್ರ ಅವರಿಗೆ ಚಿಂತೆ.