ನಿಷೇಧಕ್ಕೂ ಚದುರದ ಸ್ಕ್ವಾಡ್

2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ 118 ಆ್ಯಪ್‌ಗಳನ್ನು ನಿಷೇಧಿಸಿತು. ಆ ಪಟ್ಟಿಯಲ್ಲಿ ಪಬ್‌ಜಿ ಮೊಬೈಲ್ ಎಂಬ ಶೂಟರ್ ಆಟವೂ ಇತ್ತು. ಎರಡೇ ದಿನಕ್ಕೆ ಬೆಂಗಳೂರಿನ ಎನ್‌ಕೋರ್ ಗೇಮ್ಸ್ ಕಂಪನಿಯ ‘ಫೌ-ಜಿ’ ಎಂಬ ಸ್ವದೇಶಿ ಆಟದ ಘೋಷಣೆ ಹೊರಬಿತ್ತು. ನಟ ಅಕ್ಷಯ್ ಕುಮಾರ್ ಅದರ ಬೆನ್ನಿಗೆ ನಿಂತರು. ಗಾಲ್ವಾನ್ ಕಣಿವೆಯ ಸಂಘರ್ಷದ ಕಥೆ, ದೇಶಾಭಿಮಾನದ ಅಲೆ, ದೊಡ್ಡ ಎದುರಾಳಿ ಹೊರಬಿದ್ದ ಮಾರುಕಟ್ಟೆ. ಒಂದು ಹೊಸ ಆಟ ಗೆಲ್ಲಲು ಇದಕ್ಕಿಂತ ಒಳ್ಳೆಯ ಕಾಲ ಕೂಡಿಬರುವುದು ಕಷ್ಟ.

2021ರ ಗಣರಾಜ್ಯೋತ್ಸವದಂದು ಫೌ-ಜಿ ಬಿಡುಗಡೆಯಾಯಿತು. ಲಕ್ಷಾಂತರ ಜನ ಇಳಿಸಿಕೊಂಡರು, ಆಡಿ ನೋಡಿದರು, ಹಲವರು ಬಿಟ್ಟರು. ಅದೇ ವರ್ಷದ ಮೇ 18ರಂದು ಕ್ರಾಫ್ಟನ್ ಕಂಪನಿ ಪಬ್‌ಜಿಯನ್ನೇ ‘ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ’, ಅಂದರೆ ಬಿಜಿಎಂಐ, ಎಂಬ ಹೆಸರಿನಲ್ಲಿ ತರುವುದಾಗಿ ಹೇಳಿ ನೋಂದಣಿ ಶುರುಮಾಡಿತು. ಎರಡು ವಾರದಲ್ಲಿ ಎರಡು ಕೋಟಿ ನೋಂದಣಿ ದಾಟಿತೆಂದು ಕಂಪನಿ ಪ್ರಕಟಿಸಿತು. ಜುಲೈ 2ರಂದು ಆಟ ಅಧಿಕೃತವಾಗಿ ಬಂದಾಗ ಹಳೆಯ ಆಟಗಾರರು ಹಿಂಡುಹಿಂಡಾಗಿ ಮರಳಿದರು. ತಿಂಗಳುಗಟ್ಟಲೆ ಬಾಗಿಲು ಮುಚ್ಚಿದ್ದ ಆಟಕ್ಕೆ ಇಷ್ಟೊಂದು ಜನ ಕಾದದ್ದೇಕೆ?

ಮೊದಲ ಕಾರಣ ಬೆರಳುಗಳಲ್ಲಿದೆ. ಪಬ್‌ಜಿಯಲ್ಲಿ ಎಂ416 ಬಂದೂಕಿನಿಂದ ಒಂದೇ ಸಮನೆ ಗುಂಡು ಹಾರಿಸಿದರೆ ನಳಿಗೆ ಮೇಲಕ್ಕೇಳುತ್ತದೆ. ಅದು ಏಳುವ ವೇಗಕ್ಕೆ ಸರಿಯಾಗಿ ಹೆಬ್ಬೆರಳನ್ನು ಕೆಳಕ್ಕೆ ಎಳೆಯಬೇಕು, ಇಲ್ಲವೇ ಗೈರೋಸ್ಕೋಪ್ ಹಾಕಿಕೊಂಡು ಫೋನನ್ನೇ ತುಸು ಬಗ್ಗಿಸಬೇಕು. ಒಂದೊಂದು ಸ್ಕೋಪ್‌ಗೂ ಸೆನ್ಸಿಟಿವಿಟಿ ಬೇರೆ. ನುರಿತವರು ಹೆಬ್ಬೆರಳುಗಳು ಸಾಲದೆಂದು ತೋರುಬೆರಳುಗಳನ್ನೂ ಪರದೆಯ ಮೇಲಂಚಿಗೆ ತಂದು ‘ಫೋರ್ ಫಿಂಗರ್ ಕ್ಲಾ’ ಆಡುತ್ತಾರೆ. ಯಾವ ಬಟನ್ ಎಲ್ಲಿರಬೇಕೆಂದು ಅವರೇ ಜೋಡಿಸಿಕೊಂಡಿರುತ್ತಾರೆ. ತಿಂಗಳುಗಟ್ಟಲೆ ಪಳಗಿದ ಈ ಕೈ ಇನ್ನೊಂದು ಆಟಕ್ಕೆ ಹೋದರೆ ಮತ್ತೆ ಅ ಆ ಇ ಈಯಿಂದ ಕಲಿಯಬೇಕು.

ಎರಡನೆಯದು ನೆಲದ ಪರಿಚಯ. ಎರಾಂಗೆಲ್ ಎಂಬ ಕಾಲ್ಪನಿಕ ದ್ವೀಪ ಎಂಟು ಕಿಲೋಮೀಟರ್ ಉದ್ದ, ಎಂಟು ಕಿಲೋಮೀಟರ್ ಅಗಲ. ನೂರು ಜನ ಪ್ಯಾರಾಚೂಟ್ ಬಿಚ್ಚಿ ಇಳಿಯುತ್ತಾರೆ, ಸುರಕ್ಷಿತ ಝೋನ್ ಕಿರಿದಾಗುತ್ತ ಹೋಗುತ್ತದೆ, ಕೊನೆಗುಳಿದ ತಂಡಕ್ಕೆ ‘ಚಿಕನ್ ಡಿನ್ನರ್’. ಅಲ್ಲಿನ ಪೋಚಿಂಕಿ ಎಂಬ ಊರಿನ ಯಾವ ಮನೆಯ ಮೇಲ್ಮಹಡಿಯಿಂದ ಬೀದಿ ಕಾಣುತ್ತದೆ, ಮಿಲಿಟರಿ ಬೇಸ್‌ನಿಂದ ಹೊರಡುವವರನ್ನು ಯಾವ ಸೇತುವೆಯಲ್ಲಿ ತಡೆಯಬಹುದು ಎಂಬುದು ಹಳೆಯ ಆಟಗಾರರಿಗೆ ಬಾಯಿಪಾಠ.

ಈ ಗುಟ್ಟನ್ನು ಚೆನ್ನಾಗಿ ಅರಿತದ್ದು ಕಂಪ್ಯೂಟರ್‌ನ ಶೂಟರ್ ಆಟ ಕೌಂಟರ್-ಸ್ಟ್ರೈಕ್. ಮಿನ್ ಲೀ ಮತ್ತು ಜೆಸ್ ಕ್ಲಿಫ್ ಎಂಬ ಇಬ್ಬರು ಯುವಕರು 1999ರಲ್ಲಿ ‘ಹಾಫ್-ಲೈಫ್’ ಆಟಕ್ಕೆ ಜೋಡಿಸಿದ ರೂಪಾಂತರವಾಗಿ ಅದು ಹುಟ್ಟಿತು. ಬೆಂಗಳೂರಿನ ಸೈಬರ್ ಕೆಫೆಗಳಲ್ಲಿ ಅದರ 1.6 ಆವೃತ್ತಿಯನ್ನು ಆಡಿ ಬೆಳೆದ ತಲೆಮಾರೇ ಇದೆ. 2001ರ ‘ಡಸ್ಟ್ 2’ ನಕ್ಷೆ 2023ರ ಸೆಪ್ಟೆಂಬರ್‌ನಲ್ಲಿ ಬಂದ ಕೌಂಟರ್-ಸ್ಟ್ರೈಕ್ 2ರಲ್ಲೂ ಇದೆ. ಬೆಳಕು, ಹೊಗೆ, ಗೋಡೆಯ ಬಣ್ಣ ಹೊಸದಾದರೂ ದಾರಿಗಳು ಹಳೆಯವೇ. ಎಕೆ-47ರ ಗುಂಡುಗಳು ಚೆಲ್ಲುವ ಕ್ರಮವನ್ನೂ ಹಿಂದಿನ ಆವೃತ್ತಿಯಲ್ಲಿದ್ದಂತೆ ತಯಾರಕರು ಹೆಚ್ಚುಕಡಿಮೆ ಹಾಗೇ ಉಳಿಸಿಕೊಂಡರು. ಇಪ್ಪತ್ತು ವರ್ಷದ ಹಿಂದೆ ಕಲಿತದ್ದು ಇಂದಿಗೂ ಕೆಲಸಕ್ಕೆ ಬರುತ್ತದೆ.

ಮೂರನೆಯದು, ಎಲ್ಲಕ್ಕಿಂತ ಗಟ್ಟಿಯಾದದ್ದು, ಸ್ಕ್ವಾಡ್, ಅಂದರೆ ನಾಲ್ವರ ತಂಡ.

ಕೊಪ್ಪಳ ಜಿಲ್ಲೆಯ ಕುಕನೂರು ತಾಲ್ಲೂಕಿನ ಮಂಗಳೂರಿನಂಥ ಊರಿಗೆ ಕಂಪ್ಯೂಟರ್‌ನ ಶೂಟರ್ ಆಟಗಳು ತಲುಪುವುದು ಕಷ್ಟವಿತ್ತು. 2016ರಲ್ಲಿ ಜಿಯೊ ಬಂದು ಡೇಟಾ ಅಗ್ಗವಾದ ಮೇಲೆ, 2018ರಲ್ಲಿ ಪಬ್‌ಜಿ ಫೋನಿಗೇ ಇಳಿಯಿತು. ಕುಷ್ಟಗಿ, ಯಲಬುರ್ಗಾ ಕಡೆಯಿಂದ ದುಡಿಯಲು ಬೆಂಗಳೂರಿಗೋ ಗೋವಾಕ್ಕೋ ಹೋದ ಗೆಳೆಯರು ರಾತ್ರಿ ಮೈಕ್ ಆನ್ ಮಾಡಿದರೆ ಸಾಕು, ಊರಲ್ಲಿ ಉಳಿದವರ ಜೊತೆ ಒಂದೇ ಲಾಬಿಯಲ್ಲಿ ಸೇರಬಹುದು. ‘ನಾಕ್ ಆದ್ನಿ, ರಿವೈವ್ ಕೊಡ್ಲೇ’ ಎಂದು, ಅಂದರೆ ‘ಬಿದ್ದಿದ್ದೇನೆ, ಎಬ್ಬಿಸು’ ಎಂದು, ತಮ್ಮ ಮಾತಿನಲ್ಲೇ ಕೂಗಬಹುದು. ಕಬಡ್ಡಿ ತಂಡದಲ್ಲಿ ಪಕ್ಕದವನ ಹೆಜ್ಜೆ ಗೊತ್ತಿರುವಂತೆ ಯಾರು ಮುನ್ನುಗ್ಗುತ್ತಾರೆ, ಯಾರು ಸ್ನೈಪರ್ ಹಿಡಿದು ಹಿಂದೆ ಉಳಿಯುತ್ತಾರೆ ಎಂಬುದು ನಾಲ್ವರಿಗೂ ತಿಳಿದಿರುತ್ತದೆ. ಹೊಸ ಆಟ ಹಿಡಿಯಬೇಕೆಂದರೆ ನಾಲ್ವರೂ ಒಟ್ಟಿಗೆ ಒಪ್ಪಬೇಕು.

ಫೌ-ಜಿ ಸೋತದ್ದು ಇಲ್ಲೇ. ಮೊದಲಿಗೆ ಅದು ಒಬ್ಬರೇ ಆಡುವ ಕಥನವಾಗಿತ್ತು. ಎದುರಾಳಿಗಳು ಕಂಪ್ಯೂಟರ್ ಆಡಿಸುವ ಸೈನಿಕರು, ಹೋರಾಟ ಬಹುತೇಕ ಕೈಕೈ ಮಿಲಾಯಿಸುವಂಥದ್ದು. ತಂಡಗಳ ಪಂದ್ಯ ಬಂದದ್ದು ತಿಂಗಳುಗಳ ನಂತರ. ಬಿಜಿಎಂಐ ಮಾತ್ರ ಪಬ್‌ಜಿಯ ಹಳೆಯ ಖಾತೆಯನ್ನು ವರ್ಗಾಯಿಸಿಕೊಳ್ಳಲು ಅವಕಾಶ ಕೊಟ್ಟಿತು. ದುಡ್ಡು ಕೊಟ್ಟು ಕೊಂಡ ಉಡುಪು, ಗನ್ ಸ್ಕಿನ್‌ಗಳು ಕೈಬಿಟ್ಟು ಹೋಗಲಿಲ್ಲ.

ಬಡ ಫೋನುಗಳ ಕಥೆ ಬೇರೆ. ಕಡಿಮೆ ರ್‍ಯಾಮ್‌ನ ಫೋನಿಗೆಂದೇ ಇದ್ದ ಪಬ್‌ಜಿ ಮೊಬೈಲ್ ಲೈಟ್ ಕೂಡ 2020ರಲ್ಲಿ ನಿಷೇಧವಾಯಿತು. ಬಿಜಿಎಂಐಗೆ ಅಂಥ ಹಗುರ ಆವೃತ್ತಿ ಬರಲಿಲ್ಲ. ಅಗ್ಗದ ಫೋನಿನಲ್ಲೂ ಸರಾಗವಾಗಿ ಓಡುವ, ಹತ್ತು-ಹದಿನೈದು ನಿಮಿಷಕ್ಕೆ ಮುಗಿಯುವ ಫ್ರೀ ಫೈರ್ ಅನೇಕರಿಗೆ ಆಸರೆಯಾಯಿತು. 2022ರ ಫೆಬ್ರವರಿಯಲ್ಲಿ ಅದಕ್ಕೂ ನಿಷೇಧ ಬಂತು. ಅದರ ಆಟಗಾರರಿಗೆ ಫ್ರೀ ಫೈರ್ ಮ್ಯಾಕ್ಸ್ ಉಳಿಯಿತು. ಅದೇ ವರ್ಷದ ಜುಲೈನಲ್ಲಿ ಬಿಜಿಎಂಐ ಕೂಡ ಆ್ಯಪ್ ಸ್ಟೋರ್‌ಗಳಿಂದ ಮಾಯವಾಗಿ 2023ರ ಮೇ ತಿಂಗಳಲ್ಲಿ ಮರಳಿತು. ಜನ ಎರಡನೇ ಸಲವೂ ಕಾದರು.

ರಿಚರ್ಡ್ ರಯಾನ್, ಸ್ಕಾಟ್ ರಿಗ್ಬಿ, ಆಂಡ್ರ್ಯೂ ಶಿಬಿಲ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಅಧ್ಯಯನ ವಿಡಿಯೊ ಗೇಮ್‌ಗಳ ಸೆಳೆತವನ್ನು ಮೂರು ಬೇಡಿಕೆಗಳಿಗೆ ಜೋಡಿಸುತ್ತದೆ: ‘ನನ್ನಿಂದ ಇದು ಆಗುತ್ತದೆ’ ಎಂಬ ಭಾವ, ಸ್ವಂತ ಆಯ್ಕೆಯ ಸ್ವಾತಂತ್ರ್ಯ, ಇತರರೊಂದಿಗಿನ ನಂಟು. ಬಿಜಿಎಂಐನಲ್ಲಿ ಬ್ರಾಂಜ್‌ನಿಂದ ಏಸ್, ಕಾಂಕರರ್‌ವರೆಗಿನ ಶ್ರೇಣಿ ಮೊದಲನೆಯದನ್ನು ಪೂರೈಸುತ್ತದೆ, ಸ್ಕ್ವಾಡ್ ಮೂರನೆಯದನ್ನು. ಪರೀಕ್ಷೆಯಲ್ಲಿ ಹಿಂದುಳಿದ ಹುಡುಗನಿಗೂ ಇಲ್ಲಿ ಕಣ್ಣಿಗೆ ಕಾಣುವ ಮೇಲೇರಿಕೆ ಇದೆ.

ಈ ನಿಷ್ಠೆಯನ್ನೆಲ್ಲ ಚಟವೆಂದು ಕರೆಯುವುದು ಸರಿಯಲ್ಲ. ಚಟವಾಗುವುದೇ ಇಲ್ಲ ಎನ್ನುವುದೂ ಸರಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ ರೋಗಪಟ್ಟಿಯಲ್ಲಿ ಗೇಮಿಂಗ್ ವ್ಯಾಧಿಗೆ ಜಾಗವಿದೆ. ಹಿಡಿತ ತಪ್ಪುವುದು, ಉಳಿದೆಲ್ಲಕ್ಕಿಂತ ಆಟವೇ ಮುಖ್ಯವಾಗುವುದು, ಹಾನಿ ಕಂಡರೂ ಬಿಡಲಾಗದಿರುವುದು ಅದರ ಲಕ್ಷಣಗಳು. ಸಾಮಾನ್ಯವಾಗಿ ಇವು ವರ್ಷದುದ್ದಕ್ಕೂ ಕಂಡಿರಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ತೊಂದರೆ ಇರುವವರಿಗೆ ‘ಶಟ್’ ಕ್ಲಿನಿಕ್ 2014ರಿಂದ ನಡೆಯುತ್ತಿದೆ.

ಆ ಹಂತ ತಲುಪದ ಮನೆಗಳಲ್ಲಿ ಜಗಳ ಹೆಚ್ಚಾಗಿ ಶುರುವಾಗುವುದು ‘ಈಗಲೇ ಫೋನ್ ಇಡು’ ಎಂಬ ಮಾತಿನಿಂದ. ಎರಾಂಗೆಲ್‌ನ ಪೂರ್ತಿ ಪಂದ್ಯ ಸುಮಾರು ಅರ್ಧ ಗಂಟೆಯದು. ನಡುವೆ ಎದ್ದು ಹೋದರೆ ಉಳಿದ ಮೂವರು ಒಬ್ಬ ಕಡಿಮೆಯಾಗಿ ಆಡಬೇಕಾಗುತ್ತದೆ. ‘ಈ ಮ್ಯಾಚ್ ಮುಗಿದ ಮೇಲೆ ಇನ್ನೊಂದು ಬೇಡ’ ಎಂದು ಮೊದಲೇ ಮಾತಾಗಿದ್ದರೆ ಅದನ್ನು ಪಾಲಿಸುವುದು ಹುಡುಗನಿಗೂ ಸುಲಭ. ಮಗ ಯಾರೊಂದಿಗೆ ಆಡುತ್ತಾನೆ, ಆ ಮೂವರು ಯಾರು ಎಂದು ತಂದೆತಾಯಿ ಕೇಳಿ ತಿಳಿದುಕೊಂಡರೆ, ಅವನನ್ನು ಆ ಆಟದಲ್ಲಿ ಹಿಡಿದಿಟ್ಟಿರುವುದು ಏನೆಂಬುದೂ ಅವರಿಗೆ ಬೇಗ ಗೊತ್ತಾಗುತ್ತದೆ.